ಉಕ್ಕಿನಡ್ಕದಲ್ಲಿ ಎಂಬಿಬಿಎಸ್ ಓದಿದರೆ ಮುಂದೆ ಪಿಜಿ ಸೀಟಿಗೆ ತೊಂದರೆಯಾಗುತ್ತದೆಯೇ?

ಪ್ರಶ್ನೆ: ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಮಗಳು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ನೀಟ್‌ನಲ್ಲಿ ಬಂದ ರ್‍ಯಾಂಕ್ ನೋಡಿದರೆ ಉಕ್ಕಿನಡ್ಕದ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಗುವ ಹಾಗಿದೆ. ಆದರೆ ಮಂಗಳೂರಿನಲ್ಲಿರುವ ನನ್ನ ಭಾವ, “ಅದು ಹೊಸ ಕಾಲೇಜು, ಹೆಸರಿಲ್ಲ, ಮುಂದೆ ಪಿಜಿಗೆ (ಸ್ನಾತಕೋತ್ತರ ಓದಿಗೆ) ಯಾರೂ ತೆಗೆದುಕೊಳ್ಳುವುದಿಲ್ಲ. ತೋಟದ ಮೇಲೆ ಸಾಲ ಮಾಡಿಯಾದರೂ ಇಲ್ಲಿನ ಹೆಸರಿರುವ ಡೀಮ್ಡ್ (ವಿಶ್ವವಿದ್ಯಾಲಯದ ಸ್ಥಾನ ಪಡೆದ ಖಾಸಗಿ) ಕಾಲೇಜಿಗೆ ಸೇರಿಸು” ಎನ್ನುತ್ತಾರೆ. ಮಗಳಿಗೆ ಅಮೆರಿಕದಲ್ಲಿ ರೆಸಿಡೆನ್ಸಿ, ಅಂದರೆ ಅಲ್ಲಿನ ಪಿಜಿ ತರಬೇತಿ, ಮಾಡುವ ಆಸೆಯೂ ಇದೆ. ಕಾಲೇಜಿನ ಹೆಸರು ಎಷ್ಟರ ಮಟ್ಟಿಗೆ ನಡೆಯುತ್ತದೆ, ಪರೀಕ್ಷೆಯ ಅಂಕ ಎಷ್ಟರ ಮಟ್ಟಿಗೆ? ಬಿಡಿಸಿ ಹೇಳುತ್ತೀರಾ?

ಉತ್ತರ: ಮೊದಲು ನಿಮ್ಮ ಭಾವನವರ ಮಾತನ್ನೇ ತೆಗೆದುಕೊಳ್ಳುತ್ತೇನೆ. ಭಾರತದಲ್ಲಿ ಎಂಡಿ, ಎಂಎಸ್, ಡಿಎನ್‌ಬಿ ಸೀಟು ಹಂಚುವಾಗ ಕಂಪ್ಯೂಟರ್ ನೋಡುವುದು ನಾಲ್ಕೇ ಸಂಗತಿ: ನೀಟ್ ಪಿಜಿ ರ್‍ಯಾಂಕ್, ಮೀಸಲಾತಿಯ ವರ್ಗ, ಯಾವ ಕೋಟಾಕ್ಕೆ ಅರ್ಹತೆ ಇದೆ, ಅಭ್ಯರ್ಥಿ ಯಾವ ಕ್ರಮದಲ್ಲಿ ಆಯ್ಕೆಗಳನ್ನು ತುಂಬಿದ್ದಾರೆ. ಸಂದರ್ಶನ ಇಲ್ಲ, ಶಿಫಾರಸು ಪತ್ರ ಇಲ್ಲ. “ಯಾವ ಕಾಲೇಜು?” ಎಂದು ಕೇಳಿ ಹಿಂದಕ್ಕೆ ಕಳಿಸುವವರು ಅಲ್ಲಿ ಯಾರೂ ಇಲ್ಲ. ಆದ್ದರಿಂದ ‘ಹೆಸರಿಲ್ಲದ ಕಾಲೇಜಿನವರನ್ನು ಪಿಜಿಗೆ ತೆಗೆದುಕೊಳ್ಳುವುದಿಲ್ಲ’ ಎಂಬ ಒಂದೇ ಕಾರಣಕ್ಕೆ ಅಡಿಕೆ ತೋಟ ಅಡವಿಡಬೇಡಿ. ಆ ಕಾರಣ ಸರಿಯಲ್ಲ.

ಹಾಗೆಂದು ಯಾವ ಕಾಲೇಜಾದರೂ ಒಂದೇ ಎಂದು ನಾನು ಹೇಳುವುದಿಲ್ಲ. ಹೆಸರಿಗಿಂತ ಮುಖ್ಯವಾದ ಎರಡು ಸಂಗತಿಗಳಿವೆ. ಕಾಲೇಜು ಗಡಿಯ ಯಾವ ಬದಿಯಲ್ಲಿದೆ ಎಂಬುದು ಒಂದು, ಅಲ್ಲಿ ಮಗಳು ಐದೂವರೆ ವರ್ಷದಲ್ಲಿ ಎಷ್ಟು ರೋಗಿಗಳನ್ನು ಕೈಯಿಂದ ಮುಟ್ಟಿ ನೋಡುತ್ತಾಳೆ ಎಂಬುದು ಇನ್ನೊಂದು. ಅಮೆರಿಕದ ಲೆಕ್ಕ ಬೇರೆಯೇ ಇದೆ, ಅದನ್ನು ಕೊನೆಗೆ ನೋಡೋಣ.

ನೀಟ್ ಪಿಜಿಯಲ್ಲಿ 200 ಪ್ರಶ್ನೆ, ಒಟ್ಟು 800 ಅಂಕ, ಮೂರೂವರೆ ಗಂಟೆ. ಸರಿಯುತ್ತರಕ್ಕೆ 4 ಅಂಕ ಬರುತ್ತದೆ, ತಪ್ಪಿಗೆ 1 ಅಂಕ ಹೋಗುತ್ತದೆ. 2024ರಿಂದ ಪ್ರಶ್ನೆಪತ್ರಿಕೆಯನ್ನು 40 ಪ್ರಶ್ನೆಗಳ ಐದು ಭಾಗ ಮಾಡಿ ಪ್ರತಿ ಭಾಗಕ್ಕೆ 42 ನಿಮಿಷ ಕೊಡುತ್ತಾರೆ. ಸಮಯ ಮುಗಿದರೆ ಆ ಭಾಗ ಮುಚ್ಚಿಕೊಳ್ಳುತ್ತದೆ, ಮತ್ತೆ ತೆರೆಯಲಾಗುವುದಿಲ್ಲ. ಅಂದರೆ ಒಂದು ಪ್ರಶ್ನೆಗೆ ಸಿಗುವುದು 63 ಸೆಕೆಂಡು. ಮೊದಲಿನ ಹಾಗೆ ಕಷ್ಟದ್ದನ್ನು ಬಿಟ್ಟು ಕೊನೆಯ ಅರ್ಧ ಗಂಟೆಯಲ್ಲಿ ನೋಡಿಕೊಳ್ಳುತ್ತೇನೆ ಎಂಬ ಉಪಾಯ ಈಗ ನಡೆಯುವುದಿಲ್ಲ. ಮನೆಯಲ್ಲಿ 200 ಪ್ರಶ್ನೆಗಳನ್ನು ಒಂದೇ ಗುಡ್ಡೆಯಾಗಿ ಬಿಡಿಸಿ ಅಭ್ಯಾಸ ಮಾಡಿದವರು ಪರೀಕ್ಷೆಯ ದಿನ ಮೊದಲ ಭಾಗದಲ್ಲೇ ಏಳೆಂಟು ಪ್ರಶ್ನೆ ಕಳೆದುಕೊಳ್ಳುವುದು ಇದೇ ಕಾರಣಕ್ಕೆ.

ಊಹೆಯ ಲೆಕ್ಕವನ್ನೂ ಒಮ್ಮೆ ಕೂತು ನೋಡಬೇಕು. ನಾಲ್ಕು ಉತ್ತರಗಳಲ್ಲಿ ಯಾವುದೂ ಗೊತ್ತಿಲ್ಲದೆ ಕಣ್ಣು ಮುಚ್ಚಿ ಒತ್ತಿದರೂ ಸರಾಸರಿಯಲ್ಲಿ ಪ್ರಶ್ನೆಗೆ ಕಾಲು ಅಂಕ ಲಾಭ. ಒಂದು ಉತ್ತರ ಖಂಡಿತ ತಪ್ಪು ಎಂದು ಗೊತ್ತಿದ್ದರೆ ಸರಾಸರಿ ಲಾಭ ಮೂರನೇ ಎರಡು ಅಂಕ ಬರುತ್ತದೆ. ಎರಡನ್ನು ಅಳಿಸಿ ಹಾಕಲು ಸಾಧ್ಯವಾದರೆ ಒಂದೂವರೆ ಅಂಕ. ಆದ್ದರಿಂದ ನೀಟ್ ಪಿಜಿಯಲ್ಲಿ ಪ್ರಶ್ನೆ ಖಾಲಿ ಬಿಡುವುದು ನಷ್ಟ. ಏಮ್ಸ್, ಜಿಪ್‌ಮರ್, ಚಂಡೀಗಢದ ಪಿಜಿಐ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಿಗೆ ವರ್ಷಕ್ಕೆ ಎರಡು ಸಲ ನಡೆಯುವ ಐಎನ್‌ಐ ಸಿಇಟಿಯಲ್ಲಿ ಸರಿಯುತ್ತರಕ್ಕೆ 1, ತಪ್ಪಿಗೆ ಮೂರನೇ ಒಂದು ಅಂಕ ಕಡಿತ. ಅಲ್ಲಿ ಕಣ್ಣು ಮುಚ್ಚಿ ಒತ್ತಿದರೆ ಸರಾಸರಿ ಲಾಭ ಸೊನ್ನೆ. ಎರಡು ಪರೀಕ್ಷೆಗೂ ಒಂದೇ ಅಭ್ಯಾಸ ಇಟ್ಟುಕೊಂಡವರು ಒಂದರಲ್ಲಿ ಪೆಟ್ಟು ತಿನ್ನುತ್ತಾರೆ.

ನೀಟ್ ಪಿಜಿಯಲ್ಲಿ ‘ಅರ್ಹತೆ’ ಬಂತು ಎಂದು ಸಿಹಿ ಹಂಚುವ ಮನೆಗಳಿವೆ. ಅದಕ್ಕೆ ದೊಡ್ಡ ಅರ್ಥ ಇಲ್ಲ. ಸಾಮಾನ್ಯ ವರ್ಗಕ್ಕೆ 50ನೇ ಪರ್ಸೆಂಟೈಲ್ (ಅಂದರೆ ಬರೆದವರಲ್ಲಿ ಅರ್ಧದಷ್ಟು ಮಂದಿಗಿಂತ ಮೇಲೆ), ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳಿಗೆ 40 ಎಂಬುದು ಮೂಲ ನಿಯಮ. ಸೀಟುಗಳು ಖಾಲಿ ಉಳಿದಾಗ ಅದನ್ನು ಇಳಿಸುತ್ತಾರೆ. 2023ರಲ್ಲಿ ಎಲ್ಲ ವರ್ಗಗಳಿಗೂ ಸೊನ್ನೆಗೇ ಇಳಿಸಿದ್ದರು. ಹಾಗೆ ಉಳಿಯುವ ಸೀಟುಗಳಲ್ಲಿ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಯಂಥ ವಿಷಯಗಳದ್ದೂ ದುಬಾರಿ ಶುಲ್ಕದ ಸೀಟುಗಳದ್ದೂ ದೊಡ್ಡ ಪಾಲು. ರೇಡಿಯಾಲಜಿ, ಜನರಲ್ ಮೆಡಿಸಿನ್, ಚರ್ಮರೋಗ ಮುಂತಾದವು ಮೊದಲ ಸುತ್ತಿನಲ್ಲೇ ಹಾರಿಹೋಗುತ್ತವೆ. ಪಾಸಾದರೆ ಏನೂ ಆಗಲಿಲ್ಲ, ರ್‍ಯಾಂಕ್ ಎಷ್ಟು ಎಂಬುದೇ ಪ್ರಶ್ನೆ. ರ್‍ಯಾಂಕ್ ಪಟ್ಟಿಯ ನಡುವಿನಲ್ಲಿ ಜನ ದಟ್ಟವಾಗಿರುವುದರಿಂದ ನಾಲ್ಕೈದು ಪ್ರಶ್ನೆ ಹೆಚ್ಚುಕಮ್ಮಿಯಾದರೆ ಸಾವಿರಾರು ಸ್ಥಾನ ಆಚೀಚೆ ಆಗುತ್ತದೆ. ಮಗಳ ಶ್ರಮ ಹೋಗಬೇಕಾದ್ದು ಆ ನಾಲ್ಕೈದು ಪ್ರಶ್ನೆಗಳಿಗೆ.

ಈಗ ಗಡಿಯ ವಿಷಯ. ನಮ್ಮ ಕಾಸರಗೋಡಿನವರಿಗೆ ಕಾಲೇಜಿನ ಹೆಸರಿಗಿಂತ ನೂರು ಪಾಲು ಮುಖ್ಯವಾದ್ದು ಇದು. ಇದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ.

ಸರ್ಕಾರಿ ಕಾಲೇಜುಗಳ ಪಿಜಿ ಸೀಟುಗಳಲ್ಲಿ ಅರ್ಧ ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ, ಅದನ್ನು ದೆಹಲಿಯ ಎಂಸಿಸಿ (ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ) ಹಂಚುತ್ತದೆ. ಅಲ್ಲಿ ಪೆರ್ಲ, ಪಟ್ನಾ ಎಲ್ಲ ಒಂದೇ. ಉಳಿದ ಅರ್ಧ ರಾಜ್ಯದ್ದು. ಕೇರಳದಲ್ಲಿ ಪ್ರವೇಶ ಪರೀಕ್ಷಾ ಆಯುಕ್ತರೂ ಕರ್ನಾಟಕದಲ್ಲಿ ಕೆಇಎಯೂ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಹಂಚುತ್ತಾರೆ. ಈ ರಾಜ್ಯದ ಅರ್ಧಕ್ಕೆ ಯಾರು ಅರ್ಹರು ಎಂಬುದರ ಮೇಲೆ 2025ರ ಜನವರಿ 29ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಒಂದು ದೊಡ್ಡ ತೀರ್ಪು ಕೊಟ್ಟಿತು. ಪಿಜಿ ವೈದ್ಯಕೀಯ ಸೀಟಿಗೆ ‘ಈ ರಾಜ್ಯದ ನಿವಾಸಿ’ ಎಂಬ ಕಾರಣಕ್ಕೆ ಮೀಸಲಾತಿ ಕೊಡುವುದು ಸಂವಿಧಾನದ 14ನೇ ವಿಧಿಗೆ ವಿರುದ್ಧ ಎಂದಿತು. ಆದರೆ ಆ ರಾಜ್ಯದ ಕಾಲೇಜಿನಲ್ಲಿ ಎಂಬಿಬಿಎಸ್ ಓದಿದವರಿಗೆ ಒಂದು ಮಿತಿಯೊಳಗೆ ಆದ್ಯತೆ ಕೊಡಬಹುದು ಎಂದು ಉಳಿಸಿಕೊಂಡಿತು. ಅದಕ್ಕೂ ಮೊದಲು, 2018ರಲ್ಲಿ, ಕರ್ನಾಟಕದ ಮೊಕದ್ದಮೆಯಲ್ಲೇ ಅದೇ ನ್ಯಾಯಾಲಯ, ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿದವರನ್ನು ಹೊರರಾಜ್ಯದವರು ಎಂದು ದೂರ ಇಡುವಂತಿಲ್ಲ ಎಂದಿತ್ತು.

ನಿಮ್ಮ ಮನೆಯ ಮಟ್ಟಿಗೆ ಇದರ ಅರ್ಥ ಇಷ್ಟು. ಮಗಳು ಉಕ್ಕಿನಡ್ಕದಲ್ಲಿ ಓದಿದರೆ ಕೇರಳದ ಪಾಲಿಗೆ ಅವಳ ಕಾಲು ಗಟ್ಟಿ. ಕೋಝಿಕ್ಕೋಡ್, ತಿರುವನಂತಪುರ, ಪರಿಯಾರಂ ಎಲ್ಲ ಆ ಪಾಲಿನಲ್ಲಿ ಬರುತ್ತವೆ. ತಲಪಾಡಿಯ ಗಡಿ ದಾಟಿ ಓದಿದರೆ ಅವಳು ಕರ್ನಾಟಕದ ಕಡೆಗೆ ಸೇರುತ್ತಾಳೆ. ಮನೆ ಎಣ್ಮಕಜೆ ಪಂಚಾಯಿತಿಯಲ್ಲಿದೆ, ರೇಷನ್ ಕಾರ್ಡು ಕೇರಳದ್ದು ಎಂಬ ಬಲವನ್ನು ನಂಬಿ ಮಂಗಳೂರಿಗೆ ಹೋದರೆ, ಆರು ವರ್ಷದ ನಂತರ ಕೇರಳದ ಬಾಗಿಲು ಅಷ್ಟೇ ಅಗಲವಾಗಿ ತೆರೆದಿರುತ್ತದೆ ಎಂದು ಲೆಕ್ಕ ಹಾಕಬೇಡಿ. ಪಿಜಿ ಸೀಟುಗಳ ಸಂಖ್ಯೆಯಲ್ಲಿ ಕರ್ನಾಟಕ ದೇಶದಲ್ಲೇ ಮುಂಚೂಣಿಯ ರಾಜ್ಯ, ಅದು ನಿಜವಾದ ಲಾಭ. ಆದರೆ ಅದರಲ್ಲಿ ಖಾಸಗಿಯವರ ಪಾಲು ದೊಡ್ಡದು, ಶುಲ್ಕವೂ ಹಾಗೆಯೇ. ಇನ್ನೊಂದು ಎಚ್ಚರಿಕೆ. ಆ ರಾಜ್ಯದಲ್ಲೇ ಓದಿದವರು ಎಂಬ ಆದ್ಯತೆಯನ್ನು ಯಾವ ಬಗೆಯ ಕಾಲೇಜಿನವರಿಗೆ ಕೊಡುತ್ತಾರೆ, ಡೀಮ್ಡ್‌ನವರೂ ಅದರಲ್ಲಿ ಬರುತ್ತಾರೆಯೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆ ವರ್ಷದ ಪ್ರಾಸ್ಪೆಕ್ಟಸ್‌ನಲ್ಲಿ ಅರ್ಹತೆಯ ಅಧ್ಯಾಯವನ್ನು ಸಾಲು ಸಾಲಾಗಿ ಓದಬೇಕು. ವಾಟ್ಸಾಪ್‌ನಲ್ಲಿ ಬಂದ ಸಾರಾಂಶ ಸಾಲದು.

ಗಡಿನಾಡ ಕನ್ನಡಿಗರ ಸವಲತ್ತಿನ ಬಗ್ಗೆಯೂ ಒಂದು ಮಾತು. ಕೆಇಎ ಸಿಇಟಿಯಲ್ಲಿ ಗಡಿನಾಡು, ಹೊರನಾಡು ಕನ್ನಡಿಗರಿಗೆ ಬೇರೆ ಕಲಮು ಇದೆ, ಕನ್ನಡ ಪರೀಕ್ಷೆಯೂ ಇದೆ. ಅದು ಪದವಿ ಸೀಟಿನ ವ್ಯವಸ್ಥೆ. ‘ಅಲ್ಲಿ ಇತ್ತು, ಪಿಜಿಗೂ ಇದ್ದೇ ಇರುತ್ತದೆ’ ಎಂದುಕೊಂಡು ಕೂರಬೇಡಿ. ಕನ್ನಡ ಶಾಲೆಯ ಓದಿನ ದಾಖಲೆಗಳನ್ನು ಮಾತ್ರ, ಒಂದನೆಯಿಂದ ಹತ್ತನೆಯವರೆಗಿನ ಎಲ್ಲವನ್ನೂ, ಈಗಲೇ ಶಾಲೆಯಿಂದ ಬರೆಸಿ ಇಟ್ಟುಕೊಳ್ಳಿ. ಮುಖ್ಯೋಪಾಧ್ಯಾಯರು ಬದಲಾದ ಮೇಲೆ, ಹಳೆಯ ರಿಜಿಸ್ಟರ್ ಹುಡುಕುವಾಗ ಆಗುವ ಪರದಾಟ ನಮ್ಮ ಕಡೆಯವರಿಗೆ ಗೊತ್ತೇ ಇದೆ.

ಡೀಮ್ಡ್ ಕಾಲೇಜಿನಲ್ಲಿ ಓದಿದರೆ ಅಲ್ಲೇ ಪಿಜಿಗೂ ದಾರಿ ಸುಲಭ ಎಂಬ ನಂಬಿಕೆ ಕೂಡ ಬಹಳ ಮನೆಗಳಲ್ಲಿದೆ. ಡೀಮ್ಡ್ ವಿಶ್ವವಿದ್ಯಾಲಯಗಳ ಪಿಜಿ ಸೀಟು ಹಂಚುವುದೂ ಎಂಸಿಸಿಯೇ, ರ್‍ಯಾಂಕ್ ಪ್ರಕಾರವೇ. ಅಲ್ಲಿ ನೋಂದಾಯಿಸಲು ಭದ್ರತಾ ಠೇವಣಿಯೇ 2 ಲಕ್ಷ ರೂಪಾಯಿ. ಅಖಿಲ ಭಾರತ ಕೋಟಾಕ್ಕಾದರೆ ಸಾಮಾನ್ಯ ವರ್ಗಕ್ಕೆ 25 ಸಾವಿರ. ಮೊದಲೇ ಎಂಬಿಬಿಎಸ್‌ಗೆ ವರ್ಷಕ್ಕೆ ಹತ್ತು ಲಕ್ಷ ದಾಟುವ ಶುಲ್ಕ ಕಟ್ಟಿ ಕೈ ಖಾಲಿಯಾದವರು, ಪಿಜಿಯ ಹೊತ್ತಿಗೆ ಒಳ್ಳೆಯ ರ್‍ಯಾಂಕ್ ಇದ್ದರೂ ಖಾಸಗಿ ಸೀಟು ಮುಟ್ಟಲಾಗದೆ ನಿಲ್ಲುತ್ತಾರೆ. ತೋಟ ಅಡವಿಡಲೇಬೇಕಾದರೆ ಪಿಜಿಯ ಹೊತ್ತಿಗೆ ಇಡಿ. ಆಗ ಯಾವ ಬ್ರಾಂಚು, ಯಾವ ಸೀಟು ಎಂಬುದು ಕಣ್ಣ ಮುಂದೆ ಇರುತ್ತದೆ.

ರ್‍ಯಾಂಕ್ ಬಂದ ಮೇಲೂ ಸೀಟು ಕಳೆದುಕೊಳ್ಳುವವರಿದ್ದಾರೆ. ಅದು ಆಪ್ಷನ್ ತುಂಬುವಾಗ. ‘ನನಗೆ ಸಿಗಬಹುದಾದ್ದು’ ಎಂದು ಊಹಿಸಿ ಅದನ್ನು ಮೇಲೆ ಇಡುವುದು ದೊಡ್ಡ ತಪ್ಪು. ಕಂಪ್ಯೂಟರ್ ಮೇಲಿನಿಂದ ಕೆಳಗೆ ನೋಡುತ್ತದೆ. ಮೇಲಿನದು ಸಿಗದಿದ್ದರೆ ಎರಡನೆಯದಕ್ಕೆ ಹೋಗುತ್ತದೆ, ಸಿಗದ ಆಯ್ಕೆಯನ್ನು ಮೇಲೆ ಇಟ್ಟದ್ದಕ್ಕೆ ಶಿಕ್ಷೆ ಇಲ್ಲ. ಆದ್ದರಿಂದ ನಿಜವಾಗಿ ಬೇಕಾದ ಕ್ರಮದಲ್ಲೇ ತುಂಬಬೇಕು. ಹಿಂದಿನ ವರ್ಷದ ಕೊನೆಯ ರ್‍ಯಾಂಕ್ ನೋಡುವಾಗ ಸುತ್ತು, ಕೋಟಾ, ವರ್ಗ ಈ ಮೂರೂ ತಾಳೆಯಾಗಬೇಕು. ಮೂರನೇ ಸುತ್ತಿನ ಅಂಕಿ ನೋಡಿ ಮೊದಲ ಸುತ್ತಿನಲ್ಲಿ ಆಸೆ ಇಟ್ಟುಕೊಂಡರೆ ನಿರಾಸೆಯೇ. ಸೇರಲು ಮನಸ್ಸಿಲ್ಲದ ಕಾಲೇಜನ್ನು ‘ಇರಲಿ’ ಎಂದು ಪಟ್ಟಿಗೆ ಸೇರಿಸಿ, ಅದೇ ಸಿಕ್ಕಿ, ಸೇರದೆ ಠೇವಣಿ ಕಳೆದುಕೊಂಡು, ಮುಂದಿನ ಸುತ್ತಿನಿಂದಲೂ ಹೊರಬಿದ್ದವರು ಪ್ರತಿವರ್ಷ ಇರುತ್ತಾರೆ.

ಇನ್ನು ಉಕ್ಕಿನಡ್ಕದ ಕಾಲೇಜಿನ ಬಗ್ಗೆ. 2013ರಲ್ಲಿ ಶಂಕುಸ್ಥಾಪನೆಯಾಗಿ, ಎಷ್ಟೋ ವರ್ಷ ಕಾದು, 2025ರಲ್ಲಿ 50 ಎಂಬಿಬಿಎಸ್ ಸೀಟಿಗೆ ಅನುಮತಿ ಬಂತು. ಹೊಸ ಕಾಲೇಜಿನ ತೊಂದರೆಗಳನ್ನು ಮುಚ್ಚಿಡುವುದಿಲ್ಲ. ಮೊದಲ ಕೆಲವು ತಂಡಗಳಿಗೆ ಮುಂದೆ ನಡೆದ ಸೀನಿಯರ್‌ಗಳಿಲ್ಲ. ವಾರ್ಡಿನಲ್ಲಿ ರಾತ್ರಿ ಹನ್ನೊಂದಕ್ಕೆ ಸಂಶಯ ಕೇಳಲು ಪಿಜಿ ವಿದ್ಯಾರ್ಥಿಗಳಿರುವುದಿಲ್ಲ. ಎಂಬಿಬಿಎಸ್ ವಿದ್ಯಾರ್ಥಿ ಅರ್ಧ ವಿದ್ಯೆ ಕಲಿಯುವುದು ಪಿಜಿಯವರ ಬೆನ್ನು ಹಿಡಿದೇ. ಕೆಲವು ವಿಭಾಗಗಳಲ್ಲಿ ಪ್ರಾಧ್ಯಾಪಕರು ವರ್ಗವಾಗಿ ಬಂದು ಹೋಗುವುದೂ ಇರುತ್ತದೆ. ಕಾಗದದ ಮಟ್ಟದಲ್ಲಿ ಒಂದು ಸಂಗತಿ ನೆನಪಿಡಿ: ಹೊಸ ಕಾಲೇಜಿಗೆ ಮೊದಲು ಅನುಮತಿ ಮಾತ್ರ ಇರುತ್ತದೆ, ಅದು ವರ್ಷ ವರ್ಷ ನವೀಕರಣವಾಗುತ್ತ ಹೋಗುತ್ತದೆ. ಪದವಿಗೆ ಪೂರ್ಣ ಮಾನ್ಯತೆ ಸಿಗುವುದು ಮೊದಲ ತಂಡ ಕೊನೆಯ ವರ್ಷಕ್ಕೆ ಬಂದಾಗ. ಮಗಳು ಮೊದಲ ತಂಡದ ಹಿಂದೆಯೇ ಇದ್ದರೆ, ಆ ಹೊತ್ತಿಗೆ ಮಾನ್ಯತೆಯ ಅರ್ಜಿ ಎಲ್ಲಿಗೆ ಬಂತು ಎಂದು ಪೋಷಕರು ಕಚೇರಿಯಲ್ಲಿ ಕೇಳುತ್ತಿರಬೇಕು. ಅದು ತಡವಾದರೆ ವೈದ್ಯಕೀಯ ಮಂಡಳಿಯ ನೋಂದಣಿ ತಡವಾಗುತ್ತದೆ, ನೋಂದಣಿ ಇಲ್ಲದೆ ಪಿಜಿಗೆ ಸೇರಲಾಗುವುದಿಲ್ಲ. ಹೌಸ್ ಸರ್ಜನ್ಸಿ (ಇಂಟರ್ನ್‌ಶಿಪ್) ಮುಗಿಯುವ ದಿನಾಂಕವನ್ನೂ ಹೀಗೆಯೇ ನೋಡಿಕೊಳ್ಳಬೇಕು. ನೀಟ್ ಪಿಜಿಗೆ ಪ್ರತಿವರ್ಷ ಒಂದು ಕೊನೆಯ ದಿನಾಂಕ ಇಟ್ಟು, ಅದರೊಳಗೆ 12 ತಿಂಗಳ ಇಂಟರ್ನ್‌ಶಿಪ್ ಮುಗಿದಿರಬೇಕು ಎನ್ನುತ್ತಾರೆ. ಕೆಲವೇ ದಿನ ಹಿಂದೆ ಬಿದ್ದು ಇಡೀ ವರ್ಷ ಕಳೆದುಕೊಂಡವರಿದ್ದಾರೆ.

ಒಳ್ಳೆಯದೂ ಇದೆ, ಅದು ಸಣ್ಣದಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಮಾನದಂಡದಲ್ಲಿ 50 ಸೀಟಿನ ಕಾಲೇಜಿಗೆ ಕನಿಷ್ಠ 220 ಹಾಸಿಗೆ, 150 ಸೀಟಿಗೆ 605 ಹಾಸಿಗೆ ಬೇಕು. ಭಾಗಿಸಿ ನೋಡಿ, ತಲೆಗೆ ನಾಲ್ಕರ ಆಸುಪಾಸು ಎರಡೂ ಕಡೆ ಒಂದೇ. ಆದರೆ ಹಾಸಿಗೆಯಲ್ಲಿ ರೋಗಿ ಮಲಗಿದ್ದಾರೆಯೇ ಎಂಬುದು ಬೇರೆ ಪ್ರಶ್ನೆ. ನಮ್ಮ ಜಿಲ್ಲೆಯ ರೋಗಿಗಳು ಸಣ್ಣಪುಟ್ಟದಕ್ಕೂ ಮಂಗಳೂರಿಗೆ ಓಡುತ್ತ ಬಂದವರು. ಸರ್ಕಾರಿ ಆಸ್ಪತ್ರೆ ಬಾಗಿಲು ತೆರೆದರೆ ಮಕ್ಕಳು, ಬಸಿರಿ ಬಾಣಂತಿಯರು, ಸಕ್ಕರೆ ಕಾಯಿಲೆಯವರು, ಎಂಡೋಸಲ್ಫಾನ್‌ನಿಂದ ನರಳಿದ ಮನೆಗಳವರು ಬಂದೇ ಬರುತ್ತಾರೆ. ಕಲಿಯುವವರಿಗೆ ಅಂಥ ಒಪಿಡಿಯೇ ನಿಜವಾದ ಶಾಲೆ.

ಭಾಷೆಯನ್ನು ಇಲ್ಲಿ ಮರೆಯಬಾರದು. ಒಂದು ಉದಾಹರಣೆ ಕೊಡುತ್ತೇನೆ. ಗುಡ್ಡದ ಮನೆಯ ಅರವತ್ತು ವರ್ಷದ ಅಜ್ಜರೊಬ್ಬರು ಬಂದು “ಎದೆ ಉರಿ” ಎನ್ನುತ್ತಾರೆ. ಭಾಷೆ ಬಾರದವರು ಕೇಸ್ ಶೀಟಿನಲ್ಲಿ ಅಸಿಡಿಟಿ ಎಂದು ಬರೆದು ಮಾತ್ರೆ ಕೊಟ್ಟು ಕಳಿಸಬಹುದು. ಭಾಷೆ ಬಲ್ಲವಳು ಮುಂದೆ ಕೇಳುತ್ತಾಳೆ: ಊಟ ಆದ ಮೇಲೆ ಮಲಗಿದಾಗ ಬರುತ್ತದೆಯೋ, ಅಡಿಕೆ ಗೋಣಿ ಹೊತ್ತು ಏರು ಹತ್ತುವಾಗ ಬರುತ್ತದೆಯೋ? ಕಟ್ಟೆಯಲ್ಲಿ ಕುಳಿತರೆ ಐದು ನಿಮಿಷದಲ್ಲಿ ಇಳಿಯುತ್ತದೆಯೋ? ಎಡಗೈಗೆ, ದವಡೆಗೆ ಸೆಳೆಯುತ್ತದೆಯೋ? ಏರು ಹತ್ತುವಾಗ ಬಂದು ಕುಳಿತರೆ ಇಳಿಯುವ ಆ ‘ಉರಿ’ ಹೃದಯದ್ದು. ಈಗಿನ ಪಿಜಿ ಪರೀಕ್ಷೆಯ ಪ್ರಶ್ನೆಗಳು ಇಂಥವೇ, ಐದಾರು ಸಾಲಿನ ರೋಗಿಯ ಕಥೆ ಕೊಟ್ಟು ಮುಂದಿನ ಹೆಜ್ಜೆ ಏನು ಎಂದು ಕೇಳುತ್ತಾರೆ. ಕನ್ನಡ, ತುಳು, ಮಲಯಾಳ ಮೂರೂ ಬರುವ ಮಗಳಿಗೆ ಈ ಜಿಲ್ಲೆಯ ವಾರ್ಡಿನಲ್ಲಿ ಸಿಗುವ ಕಲಿಕೆ, ದುಭಾಷಿ ಹಿಡಿದು ಕೇಸು ತೆಗೆಯುವವರಿಗೆ ಸಿಗುವುದಿಲ್ಲ.

ಓದಿನ ಕ್ರಮದಲ್ಲಿ ಎರಡು ಮಾತು ಸಾಕು. ಒಟ್ಟು 19 ವಿಷಯಗಳು. ಕೊನೆಯ ವರ್ಷದವರೆಗೆ ಕಾದು ಕೋಚಿಂಗ್ ವಿಡಿಯೊಗಳ ಮೇಲೆ ಬಿದ್ದವರು ಇಂಟರ್ನ್‌ಶಿಪ್‌ನಲ್ಲಿ ವಾರ್ಡು ತಪ್ಪಿಸಿ ಹಾಸ್ಟೆಲಿನಲ್ಲಿ ಕೂರುತ್ತಾರೆ, ಕೊನೆಗೆ ಎರಡೂ ಕೆಡುತ್ತದೆ. ಎರಡನೇ ವರ್ಷದಿಂದಲೇ ಅಂದು ಪಾಠವಾದ ವಿಷಯದ್ದೇ 40 ಪ್ರಶ್ನೆಗಳನ್ನು ಗಡಿಯಾರ ಇಟ್ಟು 42 ನಿಮಿಷದಲ್ಲಿ ಬಿಡಿಸುವ ಅಭ್ಯಾಸ ಮಾಡಲಿ, ವಾರಕ್ಕೆ ಮೂರು ಸಲವಾದರೂ ಸಾಕು. ತಪ್ಪಾದ ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಕಾರಣ ಬರೆಯಲಿ: ಗೊತ್ತೇ ಇರಲಿಲ್ಲ, ಗೊತ್ತಿತ್ತು ಮರೆತೆ, ‘ಅಲ್ಲ’ ಎಂಬ ಪದ ಓದಲಿಲ್ಲ, ಸರಿ ಬರೆದು ಬದಲಾಯಿಸಿದೆ. ಎರಡು ತಿಂಗಳಾದ ಮೇಲೆ ಆ ಪುಸ್ತಕ ತೆರೆದರೆ ಓದುವುದು ಹೆಚ್ಚಬೇಕೋ, ಪುನರಾವರ್ತನೆ ಹೆಚ್ಚಬೇಕೋ, ಅವಸರ ಕಡಿಮೆಯಾಗಬೇಕೋ ಎಂದು ತಾನಾಗಿ ಕಾಣುತ್ತದೆ.

ಅಮೆರಿಕಕ್ಕೆ ಬರೋಣ. ಅಲ್ಲಿ ರೆಸಿಡೆನ್ಸಿ ಸೀಟನ್ನು ರ್‍ಯಾಂಕ್ ಪಟ್ಟಿ ಹಿಡಿದು ಕೊಡುವುದಿಲ್ಲ. ಪ್ರತಿ ಆಸ್ಪತ್ರೆಯವರು ಅರ್ಜಿ ಓದಿ, ಸಂದರ್ಶನ ಮಾಡಿ, ತಮಗೆ ಬೇಕಾದವರ ಪಟ್ಟಿ ಮಾಡುತ್ತಾರೆ. ಅಭ್ಯರ್ಥಿಯೂ ತನ್ನ ಪಟ್ಟಿ ಕೊಡುತ್ತಾರೆ. ಎರಡನ್ನೂ ಕಂಪ್ಯೂಟರ್ ಹೊಂದಿಸುತ್ತದೆ, ಫಲಿತಾಂಶ ಮಾರ್ಚಿನ ಮೂರನೇ ಶುಕ್ರವಾರ. ಇದಕ್ಕೆ ಮ್ಯಾಚ್ ಎನ್ನುತ್ತಾರೆ. ಆ ಹೊಂದಿಕೆಯ ಸೂತ್ರವನ್ನು 1998ರಿಂದ ಅಭ್ಯರ್ಥಿಯ ಕಡೆಯಿಂದ ಶುರುವಾಗುವಂತೆ ಬದಲಾಯಿಸಿದರು. ಅದರ ಹಿಂದಿರುವ ಆಲ್ವಿನ್ ರಾತ್ ಅವರಿಗೆ ಲಾಯ್ಡ್ ಶಾಪ್ಲಿ ಅವರೊಂದಿಗೆ 2012ರ ಅರ್ಥಶಾಸ್ತ್ರದ ನೊಬೆಲ್ ಬಂತು. ನಮಗೆ ಅದರಿಂದ ಆಗುವ ಪ್ರಯೋಜನ ಇಲ್ಲಿನ ಆಪ್ಷನ್ ತುಂಬುವಾಗಿನದೇ: ಮನಸ್ಸಿಗೆ ಬೇಕಾದ ಕ್ರಮದಲ್ಲೇ ಬರೆಯಿರಿ, ಚಾಲಾಕಿತನ ಬೇಡ.

ಆ ಸಂದರ್ಶನಕ್ಕೆ ಕರೆಯುವಾಗ ಹೆಸರು ನಡೆಯುತ್ತದೆಯೇ? ಅಮೆರಿಕದ ಕಾಲೇಜುಗಳ ನಡುವೆ ನಡೆಯುತ್ತದೆ. ಅಲ್ಲಿನ ದೊಡ್ಡ ಹೆಸರಿನ ಕಾಲೇಜಿನವರಿಗೆ ಪ್ಲಾಸ್ಟಿಕ್ ಸರ್ಜರಿ, ನ್ಯೂರೋಸರ್ಜರಿಯಂಥ ಬಿಗಿಯಾದ ವಿಭಾಗಗಳಲ್ಲಿ ಅನುಕೂಲ ಇದೆ. ಆದರೆ ಭಾರತದ ಕಾಲೇಜುಗಳ ನಡುವಿನ ವ್ಯತ್ಯಾಸ ಅಲ್ಲಿ ರೆಸಿಡೆನ್ಸಿ ನಡೆಸುವ ಪ್ರೋಗ್ರಾಂ ಡೈರೆಕ್ಟರ್‌ಗೆ ಅಷ್ಟಾಗಿ ಕಾಣುವುದಿಲ್ಲ. ದೆಹಲಿಯ ಏಮ್ಸ್, ವೆಲ್ಲೂರಿನ ಸಿಎಂಸಿಯಂಥ ಕೆಲವು ಹೆಸರು ಬಿಟ್ಟರೆ, ಮಂಗಳೂರಿನ ಒಂದು ಕಾಲೇಜು ಇನ್ನೊಂದಕ್ಕಿಂತ ಮೇಲು ಎಂಬ ನಮ್ಮೂರಿನ ಲೆಕ್ಕ ಅಲ್ಲಿಗೆ ತಲಪುವುದೇ ಇಲ್ಲ. ಅಲ್ಲಿ ಹೆಸರು ಎಂದರೆ ಹಳೆಯ ವಿದ್ಯಾರ್ಥಿ. ಆ ಆಸ್ಪತ್ರೆಯಲ್ಲಿ ಈ ಕಾಲೇಜಿನವರೊಬ್ಬರು ಮೊದಲೇ ಇದ್ದು ಒಳ್ಳೆಯ ಕೆಲಸ ಮಾಡಿದ್ದರೆ ಅದೇ ದೊಡ್ಡ ಶಿಫಾರಸು. ಹಳೆಯ ಕಾಲೇಜುಗಳಿಗೆ ಇರುವ ನಿಜವಾದ ಲಾಭ ಇದು, ಹೊಸ ಕಾಲೇಜಿಗೆ ಅದು ಬರಲು ಹದಿನೈದಿಪ್ಪತ್ತು ವರ್ಷ ಹಿಡಿಯುತ್ತದೆ.

ಹಾಗಾಗಿ ಅಂಕದ ಹೊರೆ ಹೆಚ್ಚು. ಯುಎಸ್‌ಎಂಎಲ್‌ಇ ಎಂಬುದು ಅಮೆರಿಕದ ವೈದ್ಯಕೀಯ ಪರವಾನಗಿಯ ಪರೀಕ್ಷೆ, ಮೂರು ಹಂತದ್ದು. ಅದರ ಸ್ಟೆಪ್ 1ಕ್ಕೆ 2022ರ ಜನವರಿಯಿಂದ ಅಂಕ ಕೊಡುವುದಿಲ್ಲ, ಪಾಸು ಇಲ್ಲವೇ ಫೇಲು ಅಷ್ಟೇ. ಮೊದಲು ಅದರ ಅಂಕದಿಂದ ಅಪರಿಚಿತ ಕಾಲೇಜಿನವರೂ ಎದ್ದು ಕಾಣುತ್ತಿದ್ದರು. ಆ ಬಾಗಿಲು ಮುಚ್ಚಿದ ಮೇಲೆ ಭಾರವೆಲ್ಲ ರೋಗಿಗಳ ಚಿಕಿತ್ಸೆಯ ಜ್ಞಾನ ಪರೀಕ್ಷಿಸುವ ಸ್ಟೆಪ್ 2 ಸಿಕೆಯ ಮೇಲೆ ಬಿತ್ತು. ಅದಕ್ಕೆ ಈಗಲೂ ಮೂರಂಕಿಯ ಅಂಕ ಇದೆ. 2025ರ ಜುಲೈ 1ರಿಂದ ಪಾಸಾಗಲು 218 ಬೇಕು, ಆದರೆ ವಿದೇಶಿ ಪದವೀಧರರು ಪಾಸಿನ ಅಂಚಿನಲ್ಲಿ ನಿಂತರೆ ಸಂದರ್ಶನ ಸಿಗುವುದು ಕಷ್ಟ. ಒಮ್ಮೆ ಪಾಸಾದರೆ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯುವಂತಿಲ್ಲ. ಫೇಲಾದರೆ ಆ ಗುರುತು ಅಂಕಪಟ್ಟಿಯಲ್ಲಿ ಉಳಿಯುತ್ತದೆ. ಒಂದು ಸ್ಟೆಪ್‌ಗೆ ಒಟ್ಟು ನಾಲ್ಕೇ ಪ್ರಯತ್ನ. ಆದ್ದರಿಂದ ‘ಒಮ್ಮೆ ಬರೆದು ನೋಡೋಣ’ ಎಂಬ ನಮ್ಮ ಅಭ್ಯಾಸ ಇಲ್ಲಿ ಬಹಳ ದುಬಾರಿ. ಸೋರಿಕೆಯಾದ ಪ್ರಶ್ನೆಗಳನ್ನು ಮಾರುವವರ ಹತ್ತಿರವೂ ಸುಳಿಯಬಾರದು. 2024ರ ಜನವರಿಯಲ್ಲಿ ನೇಪಾಳಕ್ಕೆ ಸಂಬಂಧಿಸಿದ ನೂರಾರು ಅಭ್ಯರ್ಥಿಗಳ ಅಂಕಗಳನ್ನು ಇದೇ ಅನುಮಾನದ ಮೇಲೆ ರದ್ದು ಮಾಡಿದರು.

ಅಂಕ ಒಳ್ಳೆಯದಿದ್ದರೂ ಖಾತ್ರಿ ಇಲ್ಲ ಎಂಬುದನ್ನು ಮಗಳಿಗೆ ಈಗಲೇ ಹೇಳಿ. 2024ರ ಮ್ಯಾಚ್‌ನಲ್ಲಿ ಅಮೆರಿಕದ ಎಂಡಿ (ಅಲ್ಲಿ ಇದು ನಮ್ಮ ಎಂಬಿಬಿಎಸ್‌ನ ಹಾಗೆ ಮೊದಲ ಪದವಿ) ಕಾಲೇಜುಗಳ ಅಂತಿಮ ವರ್ಷದವರಲ್ಲಿ ನೂರಕ್ಕೆ 93.5 ಮಂದಿಗೆ ಸೀಟು ಸಿಕ್ಕಿತು. ಅಮೆರಿಕದ ಪ್ರಜೆಗಳಲ್ಲದ ವಿದೇಶಿ ಪದವೀಧರರಲ್ಲಿ ಸಿಕ್ಕಿದ್ದು 58.5 ಮಂದಿಗೆ. ಅದರಲ್ಲೂ ಇಂಟರ್ನಲ್ ಮೆಡಿಸಿನ್, ಫ್ಯಾಮಿಲಿ ಮೆಡಿಸಿನ್, ಮಕ್ಕಳ ವಿಭಾಗ, ನ್ಯೂರಾಲಜಿ, ಪೆಥಾಲಜಿ ಇವೇ ತಲಪಬಹುದಾದ ವಿಭಾಗಗಳು. ಚರ್ಮರೋಗ, ಎಲುಬಿನ ಶಸ್ತ್ರಚಿಕಿತ್ಸೆ ಬೇಕೆಂದರೆ ಭಾರತದಲ್ಲೇ ಪ್ರಯತ್ನಿಸುವುದು ಮೇಲು.

ಉಕ್ಕಿನಡ್ಕದ ಪದವಿ ಅಲ್ಲಿ ಲೆಕ್ಕಕ್ಕೆ ಬರುತ್ತದೆಯೇ ಎಂಬ ಭಯ ಬೇಡ. 2023ರಲ್ಲಿ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ ವಿಶ್ವ ವೈದ್ಯಕೀಯ ಶಿಕ್ಷಣ ಒಕ್ಕೂಟದ ಮನ್ನಣೆ 10 ವರ್ಷಕ್ಕೆ ಸಿಕ್ಕಿದೆ. ಆ ಅವಧಿಯಲ್ಲಿ ಶುರುವಾಗುವ ಹೊಸ ಕಾಲೇಜುಗಳೂ ಅದರಡಿ ಬರುತ್ತವೆ. ಆದರೆ ಕಾಲೇಜಿನ ಹೆಸರು ವಿಶ್ವ ವೈದ್ಯಕೀಯ ಕಾಲೇಜುಗಳ ಡೈರೆಕ್ಟರಿಯಲ್ಲಿ ಸೇರಿರಬೇಕು. ಅಲ್ಲಿ ಹೆಸರಿಲ್ಲದೆ, ವಿದೇಶಿ ವೈದ್ಯ ಪದವೀಧರರ ಅರ್ಹತೆ ಪರಿಶೀಲಿಸುವ ಅಮೆರಿಕದ ಸಂಸ್ಥೆಯಾದ ಇಸಿಎಫ್‌ಎಂಜಿಯ ಪ್ರಮಾಣಪತ್ರ ಇಲ್ಲ, ಅದಿಲ್ಲದೆ ರೆಸಿಡೆನ್ಸಿ ಇಲ್ಲ. ಎರಡನೇ ವರ್ಷದಲ್ಲೇ ನೋಡಿಕೊಳ್ಳಲಿ, ಇಲ್ಲದಿದ್ದರೆ ಸೇರಿಸಲು ಕಾಲೇಜಿನಿಂದ ಬರೆಸಬೇಕು.

ನನ್ನ ಅನಿಸಿಕೆಯಲ್ಲಿ ಹೊಸ ಕಾಲೇಜಿನಿಂದ ಅಮೆರಿಕಕ್ಕೆ ಹೋಗುವವರಿಗೆ ದೊಡ್ಡ ತೊಡಕು ಆಗುವುದು ಕಚೇರಿಯ ಕಾಗದದಲ್ಲಿ. ಪದವಿಪತ್ರದ ಪ್ರತಿಯನ್ನು ಇಸಿಎಫ್‌ಎಂಜಿ ನೇರವಾಗಿ ಕಾಲೇಜಿಗೆ ಕಳಿಸಿ ‘ಇದು ನಿಮ್ಮದೇ?’ ಎಂದು ಕೇಳುತ್ತದೆ. ಉತ್ತರಿಸಲು ಅಧಿಕಾರ ಇರುವವರ ಹೆಸರು, ಸಹಿ ಮೊದಲೇ ಅಲ್ಲಿ ನೋಂದಣಿಯಾಗಿರಬೇಕು. ಡೀನ್ ಕೊಡುವ ಸಾಧನೆಯ ಪತ್ರದಲ್ಲಿ ತಂಡದಲ್ಲಿ ಅವಳ ಸ್ಥಾನ ಎಷ್ಟು ಎಂದು ಬರೆದರೆ ಅಪರಿಚಿತ ಕಾಲೇಜಿನವರಿಗೆ ಬಹಳ ಬಲ. 50 ಜನರಲ್ಲಿ ಎರಡನೆಯವಳು ಎಂಬ ಸಾಲು ಅಲ್ಲಿನವರಿಗೂ ಅರ್ಥವಾಗುತ್ತದೆ. ಹಳೆಯ ಕಾಲೇಜುಗಳಲ್ಲಿ ಗುಮಾಸ್ತರಿಗೆ ಇದೆಲ್ಲ ಅಭ್ಯಾಸವಾಗಿರುತ್ತದೆ. ಇಲ್ಲಿ ಮಗಳೇ ಮಾದರಿ ಪ್ರತಿ ಹಿಡಿದು ಆರು ತಿಂಗಳು ಮೊದಲೇ ಓಡಾಡಬೇಕು.

ಅಲ್ಲಿನ ವೈದ್ಯರಿಂದ ಶಿಫಾರಸು ಪತ್ರ ಬೇಕು, ಒಂದು ಅರ್ಜಿಗೆ ಗರಿಷ್ಠ ನಾಲ್ಕು ಪತ್ರ. ಅದಕ್ಕಾಗಿ ಅಲ್ಲಿಗೆ ಹೋಗಿ ಒಂದೆರಡು ತಿಂಗಳು ಕೆಲಸ ನೋಡಬೇಕು. ರೋಗಿಯನ್ನು ಮುಟ್ಟಲು ಬಿಡುವ ಇಲೆಕ್ಟಿವ್ ಸಾಮಾನ್ಯವಾಗಿ ವಿದ್ಯಾರ್ಥಿಯಾಗಿದ್ದಾಗ ಮಾತ್ರ ಸಿಗುತ್ತದೆ. ಪದವಿ ಕೈಗೆ ಬಂದ ಮೇಲೆ ನಿಂತು ನೋಡುವ ಅಬ್ಸರ್ವರ್‌ಶಿಪ್‌ಗೇ ಹೆಚ್ಚಿನವರು ತೃಪ್ತರಾಗಬೇಕು. ಕೆಲವು ಆಸ್ಪತ್ರೆಗಳು ತಮ್ಮೊಂದಿಗೆ ಒಪ್ಪಂದ ಇರುವ ಕಾಲೇಜಿನವರನ್ನೇ ಇಲೆಕ್ಟಿವ್‌ಗೆ ತೆಗೆದುಕೊಳ್ಳುತ್ತವೆ. ನಿಮ್ಮ ಭಾವನವರ ಮಾತಿನಲ್ಲಿ ಹುರುಳಿರುವುದು ಈ ಒಂದು ಕಡೆ. ಪದವಿ ಮುಗಿದು ಐದು ವರ್ಷ ದಾಟಿದವರ ಅರ್ಜಿಯನ್ನು ಬದಿಗಿಡುವ ಆಸ್ಪತ್ರೆಗಳು ಬಹಳ, ಆದ್ದರಿಂದ ನೀಟ್ ಪಿಜಿಗೆ ಮೂರು ವರ್ಷ ಕೂತು, ಆಗದಿದ್ದರೆ ಅಮೆರಿಕ ಎಂಬ ಯೋಜನೆ ಕೈಕೊಡುತ್ತದೆ.

ಖರ್ಚಿನ ಒಂದು ಲೆಕ್ಕ ಹೇಳುತ್ತೇನೆ. 2025ರ ಸುತ್ತಿನ ದರದಲ್ಲಿ ಒಂದು ವಿಭಾಗದ ಮೊದಲ 30 ಅರ್ಜಿಗೆ ತಲಾ 11 ಡಾಲರ್, ಅಲ್ಲಿಂದ ಮುಂದೆ ತಲಾ 30. ನಮ್ಮವರು ನೂರು ಕಡೆ ಹಾಕುತ್ತಾರೆ, ಅಲ್ಲಿಗೆ 2,430 ಡಾಲರ್ ಆಯಿತು. ಪರೀಕ್ಷಾ ಶುಲ್ಕ, ವಿಮಾನ, ಅಲ್ಲಿನ ಬಾಡಿಗೆ ಎಲ್ಲ ಬೇರೆ. ಹೆಚ್ಚು ಕಡೆ ಹಾಕುವುದಕ್ಕಿಂತ ಸರಿಯಾದ ಕಡೆ ಹಾಕುವುದು ಈಗ ಮುಖ್ಯ. ಇಂಟರ್ನಲ್ ಮೆಡಿಸಿನ್‌ನಲ್ಲಿ 3 ಚಿನ್ನದ, 12 ಬೆಳ್ಳಿಯ ‘ಸಿಗ್ನಲ್’ ಕೊಟ್ಟು, ‘ನನಗೆ ನಿಜವಾಗಿ ಬೇಕಾದ್ದು ಇವು’ ಎಂದು ತಿಳಿಸಬಹುದು. ಆ ಸಿಗ್ನಲ್‌ಗಳನ್ನು ಬರೀ ದೊಡ್ಡ ಹೆಸರುಗಳಿಗೆ ಸುರಿದು ಹಾಳುಮಾಡುವವರೇ ಹೆಚ್ಚು. ಈಗಾಗಲೇ ವಿದೇಶಿ ಪದವೀಧರರು ಇರುವ, ವೀಸಾ ಕೊಡುವ ಆಸ್ಪತ್ರೆಗಳಿಗೆ ಹಾಕಬೇಕು.

ವೀಸಾದಲ್ಲಿ ಹೆಚ್ಚಿನವರಿಗೆ ಸಿಗುವುದು ತರಬೇತಿಗೆಂದು ಕೊಡುವ ಜೆ-1. ಅದಕ್ಕೆ ನಮ್ಮ ಕೇಂದ್ರ ಆರೋಗ್ಯ ಸಚಿವಾಲಯದಿಂದ ಅಗತ್ಯದ ಪತ್ರ ಬೇಕು. ತರಬೇತಿ ಮುಗಿದ ಮೇಲೆ ಎರಡು ವರ್ಷ ಊರಿಗೆ ಮರಳಬೇಕು ಎಂಬ ಷರತ್ತೂ ಇದೆ. ಅಲ್ಲಿನ ವೈದ್ಯರ ಕೊರತೆಯ ಊರಿನಲ್ಲಿ ಮೂರು ವರ್ಷ ದುಡಿದರೆ ಅದರಿಂದ ವಿನಾಯಿತಿ ಕೇಳಬಹುದು, ಪ್ರತಿ ರಾಜ್ಯಕ್ಕೆ ವರ್ಷಕ್ಕೆ 30 ಮಂದಿ. ಉದ್ಯೋಗದ ವೀಸಾ ಆದ ಎಚ್-1ಬಿಗೆ ಯುಎಸ್‌ಎಂಎಲ್‌ಇಯ ಕೊನೆಯ ಹಂತವಾದ ಸ್ಟೆಪ್ 3 ಮೊದಲೇ ಪಾಸಾಗಿರಬೇಕು. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಹೇರುವ ಘೋಷಣೆ ಬಂದ ಮೇಲೆ ಆ ದಾರಿಯನ್ನು ನಂಬಿ ಯೋಜನೆ ಹಾಕುವುದು ಬೇಡ.

ನಿಮ್ಮ ಜಾಗದಲ್ಲಿದ್ದರೆ ಯಾರಿಗಾದರೂ ನಾನು ಹೇಳುವುದು ಉಕ್ಕಿನಡ್ಕವನ್ನೇ, ಒಂದು ಷರತ್ತಿನ ಮೇಲೆ. ಸೇರುವ ಮೊದಲು ವಾರದ ನಡುವೆ ಎರಡು ದಿನ, ಬೆಳಿಗ್ಗೆ ಹತ್ತು ಗಂಟೆಗೆ, ವಿದ್ಯಾರ್ಥಿಗಳು ಕಲಿಯುವ ಆಸ್ಪತ್ರೆಗೆ ಮಗಳನ್ನು ಕರೆದುಕೊಂಡು ಹೋಗಿ. ಮೆಡಿಸಿನ್, ಸರ್ಜರಿ, ಮಕ್ಕಳ ವಿಭಾಗ, ಹೆರಿಗೆ ಈ ನಾಲ್ಕು ಒಪಿಡಿಗಳ ಮುಂದೆ ನಿಂತು ಜನ ಎಷ್ಟಿದ್ದಾರೆ ನೋಡಿ. ವಾರ್ಡುಗಳಲ್ಲಿ ಎಷ್ಟು ಹಾಸಿಗೆ ತುಂಬಿವೆ, ರಾತ್ರಿ ಹೆರಿಗೆ ಆಗುತ್ತದೆಯೋ ಅಥವಾ ಮಂಗಳೂರಿಗೆ ಕಳಿಸುತ್ತಾರೆಯೋ ಎಂದು ನರ್ಸಮ್ಮನವರನ್ನು ಕೇಳಿ. ಅಲ್ಲಿ ಓದುತ್ತಿರುವ ಮಕ್ಕಳನ್ನು ಕ್ಯಾಂಟೀನಿನಲ್ಲಿ ಹಿಡಿದು, ಯಾವ ವಿಭಾಗದಲ್ಲಿ ಪಾಠ ಸರಿಯಾಗಿ ನಡೆಯುತ್ತದೆ, ಯಾವುದರಲ್ಲಿ ಆರು ತಿಂಗಳಿಂದ ಪ್ರಾಧ್ಯಾಪಕರಿಲ್ಲ ಎಂದು ವಿಚಾರಿಸಿ. ರೋಗಿಗಳು ತುಂಬಿದ್ದರೆ ಸೇರಿಸಿ. ವಾರ್ಡು ಖಾಲಿ ಹೊಡೆಯುತ್ತಿದ್ದರೆ, ಮುಂದಿನ ಸುತ್ತಿನ ಅಲಾಟ್‌ಮೆಂಟ್‌ಗೆ ಪರಿಯಾರಂ, ಕೋಝಿಕ್ಕೋಡ್ ಸರ್ಕಾರಿ ಕಾಲೇಜುಗಳನ್ನು ಅದಕ್ಕಿಂತ ಮೇಲೆ ಇಟ್ಟು ಆಪ್ಷನ್ ಕೊಡಿ. ಡೀಮ್ಡ್ ಕಾಲೇಜಿನ ಯೋಚನೆ ಅವೆಲ್ಲವೂ ತಪ್ಪಿದ ಮೇಲೆ ಮಾಡಿದರಾಯಿತು.